ಬೋಟ್ ಟ್ರೈಲರ್‌ಗೆ ಒಂದು ಆಕ್ಸಲ್ ಸಾಕಾ, ಎರಡು ಬೇಕಾ?

ಪ್ರಶ್ನೆ: ನಾವು ಟೆಕ್ಸಸ್‌ನ ಫ್ರಿಸ್ಕೋದಲ್ಲಿದೀವಿ. ಸೆಕೆಂಡ್ ಹ್ಯಾಂಡ್ ಬೋಟ್ ಒಂದು ತಗೋಬೇಕು ಅಂತ ನೋಡ್ತಿದೀವಿ, 20 ಅಡಿ ಬೌರೈಡರ್ (ಮೂತಿ ಕಡೆಯೂ ಸೀಟಿರೋ ಬೋಟ್), ಇಂಜಿನ್ ಸೇರಿ ಡ್ರೈ ವೆಯ್ಟ್ 3100 ಪೌಂಡ್ ಅಂತ ಬ್ರೋಷರ್‌ನಲ್ಲಿದೆ. ಒಂದೇ ಮಾಡೆಲ್‌ನ ಎರಡು ಬೋಟ್ ಸಿಕ್ಕಿವೆ. ಒಂದು ಸಿಂಗಲ್ ಆಕ್ಸಲ್ (ಚಕ್ರ ಕೂರೋ ಅಚ್ಚು ಒಂದೇ ಇರೋ) ಟ್ರೈಲರ್ ಮೇಲಿದೆ, 3500 ಪೌಂಡ್ ಆಕ್ಸಲ್, 14 ಇಂಚಿನ ಟೈರ್, ಬ್ರೇಕ್ ಇಲ್ಲ. ಇನ್ನೊಂದು ಟ್ಯಾಂಡಮ್ ಮೇಲಿದೆ, ಎರಡು 3500ರ ಆಕ್ಸಲ್, ಸರ್ಜ್ ಬ್ರೇಕ್ ಇದೆ, ರೇಟು ಜಾಸ್ತಿ. ಎಳೆಯೋಕೆ ನಮ್ಮ ಹತ್ರ ಇರೋದು ಹೋಂಡಾ ಪೈಲಟ್, ಆಲ್ ವೀಲ್ ಡ್ರೈವ್. ಹೆಚ್ಚಾಗಿ ಲೂಯಿಸ್‌ವಿಲ್ ಲೇಕ್‌ಗೆ, ಆಗಾಗ ಟೆಕ್ಸೋಮಾಗೆ, ವರ್ಷಕ್ಕೊಂದ್ಸಲ ಗ್ಯಾಲ್ವೆಸ್ಟನ್‌ಗೆ ಹೋಗೋ ಆಸೆ ಇದೆ. ಟ್ಯಾಂಡಮ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ಸಿಂಗಲ್ ಆದ್ರೆ ಕೈಯಲ್ಲೇ ತಳ್ಕೊಂಡು ಗ್ಯಾರೇಜಿಗೆ ಹಾಕ್ಬಹುದು ಅಂತ ಮಾರೋರು ಹೇಳ್ತಿದಾರೆ.

ಉತ್ತರ: ಮೊದಲೇ ಹೇಳ್ಬಿಡ್ತೀನಿ, ಆ ಸಿಂಗಲ್ ಆಕ್ಸಲ್ ಟ್ರೈಲರ್ ಈ ಬೋಟಿಗೆ ಆಗಲ್ಲ. ಸಿಂಗಲ್ ಅನ್ನೋದೇ ಕೆಟ್ಟದ್ದು ಅಂತಲ್ಲ, ಆ ಆಕ್ಸಲ್ಲು ಆ ಟೈರು ಈ ಭಾರಕ್ಕೆ ಚಿಕ್ಕವು. ಆದ್ರೆ ಟ್ಯಾಂಡಮ್ ತಗೊಂಡ್ರೆ ಎಲ್ಲಾ ಸರಿಹೋಯ್ತು ಅಂತಾನೂ ಇಲ್ಲ, ಅಲ್ಲಿ ನಿಮ್ಮ ಪೈಲಟ್‌ದು ಬೇರೆ ಲೆಕ್ಕ ಬರುತ್ತೆ. ಎರಡನ್ನೂ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಲೆಕ್ಕ ಒಂದ್ಸಲ ಕೈಗೆ ಹತ್ತಿದ್ರೆ ನಾಳೆ ಬೇರೆ ಯಾವ ಬೋಟ್ ನೋಡೋಕೆ ಹೋದ್ರೂ ಯಾರ ಮಾತೂ ಕೇಳಬೇಕಾಗಿಲ್ಲ.

ಬ್ರೋಷರ್‌ನಲ್ಲಿರೋ 3100 ನೋಡಿ ಎಲ್ಲರೂ 3500ರ ಆಕ್ಸಲ್ ಸಾಕು, ಇನ್ನೂ 400 ಪೌಂಡ್ ಉಳಿತು ಅನ್ಕೋತಾರೆ. ಡ್ರೈ ವೆಯ್ಟ್ ಅಂದ್ರೆ ಪೆಟ್ರೋಲ್ ಇಲ್ಲದೆ, ಸಾಮಾನಿಲ್ಲದೆ, ಬೋಟ್ ಬರೀ ಬೋಟಾಗಿದ್ದಾಗಿನ ತೂಕ. ನೀವು ಇಂಜಿನ್ ಸೇರಿ ಅಂತ ಬರೆದಿದೀರಿ, ಒಳ್ಳೇದಾಯ್ತು, ಔಟ್‌ಬೋರ್ಡ್ ಬೋಟ್‌ಗಳ ಬ್ರೋಷರ್‌ನಲ್ಲಿ ಎಷ್ಟೋ ಸಲ ಅದೂ ಸೇರಿರಲ್ಲ. ಈಗ ಕೂಡ್ತಾ ಹೋಗೋಣ. 20 ಅಡಿ ಬೌರೈಡರ್‌ಗೆ 35 ಗ್ಯಾಲನ್ ಟ್ಯಾಂಕ್ ಅಂತ ಇಟ್ಕೊಳ್ಳಿ, ಪೆಟ್ರೋಲ್ ಒಂದು ಗ್ಯಾಲನ್ನಿಗೆ 6 ಪೌಂಡ್ ಚಿಲ್ಲರೆ, ಅಲ್ಲಿಗೆ 210 ಆಯ್ತು. ಬ್ಯಾಟರಿ, ಆಂಕರ್ ಅದರ ಹಗ್ಗ, ಎಲ್ಲರ ಲೈಫ್ ಜಾಕೆಟ್, ಮಕ್ಕಳ ಟ್ಯೂಬು, ಐಸ್ ತುಂಬಿದ ಕೂಲರ್, ಮಡಚೋ ಕುರ್ಚಿ, ಇದೆಲ್ಲ ಸೇರಿ 250 ಅಂದ್ರೆ ಅದು ಕಮ್ಮೀನೇ. ಬೋಟ್ ಮಾತ್ರ 3560 ಆಯ್ತು. ಇದರ ಮೇಲೆ ಟ್ರೈಲರ್‌ನ ಸ್ವಂತ ತೂಕ, ಇದನ್ನ ಮರೆಯೋರೇ ಜಾಸ್ತಿ, ಸಿಂಗಲ್ ಆಕ್ಸಲ್ಲಿನದು 900 ಪೌಂಡ್ ಅಂತ ಹಿಡಿದ್ರೆ ಒಟ್ಟು 4460.

ಈ 4460ರಲ್ಲಿ ಸ್ವಲ್ಪ ಭಾರ ನಿಮ್ಮ ಕಾರಿನ ಹಿಚ್ (ಟ್ರೈಲರ್ ಕಟ್ಟೋ ಕೊಂಡಿ) ಮೇಲೆ ಕೂರುತ್ತೆ, ಅದನ್ನೇ ಟಂಗ್ ವೆಯ್ಟ್ ಅನ್ನೋದು. ಹತ್ತು ಪರ್ಸೆಂಟ್ ಅಂತ ಇಟ್ಕೊಂಡ್ರೆ 446, ಮಿಕ್ಕಿದ್ದು 4010ರ ಹತ್ರ, ಅದಷ್ಟೂ ಆ ಒಂದೇ ಆಕ್ಸಲ್ ಮೇಲೆ. ಆಕ್ಸಲ್ ತಡೆಯೋದು 3500. ಟೈರ್ ನೋಡೋಣ ಅಂದ್ರೆ, 14 ಇಂಚಿನಲ್ಲಿ ಸಾಮಾನ್ಯವಾಗಿ ಬರೋದು ಟ್ರೈಲರ್‌ಗೇ ಅಂತ ಮಾಡೋ ಎಸ್‌ಟಿ 205/75 ಆರ್ 14, ಲೋಡ್ ರೇಂಜ್ ಸಿ, 50 ಪಿಎಸ್‌ಐ ಗಾಳಿ ಪೂರ್ತಿ ಇದ್ದಾಗ ಒಂದೊಂದು 1760 ಪೌಂಡ್ ಹೊರುತ್ತೆ, ಎರಡು ಸೇರಿ 3520. ಅಂದ್ರೆ ಮನೆ ಬಿಡೋವಾಗ್ಲೇ ಆಕ್ಸಲ್ಲೂ ಟೈರೂ ಎರಡೂ 500 ಪೌಂಡ್ ಓವರ್‌ಲೋಡ್. ಗಾಳಿ ಹತ್ತು ಪಿಎಸ್‌ಐ ಕಮ್ಮಿ ಇದ್ರೆ ಟೈರ್ ತಡೆಯೋ ಭಾರ ಇನ್ನೂ ಇಳಿಯುತ್ತೆ. ಜುಲೈ ತಿಂಗಳ ಡಲ್ಲಾಸ್ ಬಿಸಿಲಲ್ಲಿ, ಸುಡೋ ಡಾಂಬರಿನ ಮೇಲೆ, 70 ಮೈಲಿ ಸ್ಪೀಡಲ್ಲಿ ಓವರ್‌ಲೋಡ್ ಆದ ಟೈರ್ ಏನಾಗುತ್ತೆ ಅಂತ ನೋಡಬೇಕು ಅಂದ್ರೆ ಭಾನುವಾರ ಸಾಯಂಕಾಲ ಹೈವೇ 75ರ ಶೋಲ್ಡರ್ ನೋಡ್ಕೊಂಡು ಬನ್ನಿ, ಸಿಪ್ಪೆ ಸುಲಿದ ಹಾಗೆ ಟ್ರೆಡ್ ಎದ್ದು ಬಿದ್ದಿರೋ ಟೈರ್ ತುಂಡುಗಳು ಕಾಣ್ತವೆ.

ಹಾಗಾದ್ರೆ ಮಾರೋರು ಇಷ್ಟು ವರ್ಷ ಅದರಲ್ಲೇ ಓಡಿಸಿದಾರಲ್ಲ ಅಂತ ನೀವು ಕೇಳ್ಬಹುದು. ಓಡಿಸಿರ್ತಾರೆ. ಮನೆಯಿಂದ ಐದು ಮೈಲಿ ದೂರದ, ಬೋಟ್ ನೀರಿಗಿಳಿಸೋ ರ‍್ಯಾಂಪ್‌ಗೆ, 40 ಮೈಲಿ ಸ್ಪೀಡಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಕೊಂಡು ಓಡಿಸಿದ್ರೆ ಟೈರ್ ಬಿಸಿಯಾಗೋಷ್ಟರಲ್ಲಿ ಲೇಕ್ ಬಂದಿರುತ್ತೆ. ಅಷ್ಟೇ ಓಡಾಟದಲ್ಲಿ ತೊಂದ್ರೆ ಕಾಣಲಿಲ್ಲ ಅಂದ್ಮಾತ್ರಕ್ಕೆ ಗ್ಯಾಲ್ವೆಸ್ಟನ್‌ಗೆ ಹೋಗೋ 300 ಮೈಲಿಗೂ ಅದು ಸಾಕು ಅಂತಲ್ಲ.

ಬ್ರೇಕ್ ವಿಷ್ಯ ಇನ್ನೂ ಗಂಭೀರ. ಟೆಕ್ಸಸ್‌ನಲ್ಲಿ ಒಟ್ಟು ತೂಕ 4500 ಪೌಂಡ್ ದಾಟಿದ ಟ್ರೈಲರ್‌ಗೆ ಬ್ರೇಕ್ ಬೇಕು ಅಂತ ಕಾನೂನಿದೆ, ಬೇರೆ ಎಷ್ಟೋ ಸ್ಟೇಟ್‌ಗಳಲ್ಲಿ ಈ ಗೆರೆ 3000ಕ್ಕೇ ಇದೆ. ನಿಮ್ಮ ಲೆಕ್ಕ 4460, ಅಂದ್ರೆ ಇನ್ನೊಂದು ಕೂಲರ್ ಇಟ್ರೆ ಗೆರೆ ದಾಟ್ತೀರಿ. ಕಾನೂನು ಬಿಡಿ, ನಾಲ್ಕು ಸಾವಿರ ಪೌಂಡ್ ಮೇಲಿನ ಸಾಮಾನು ಹಿಂದಿನಿಂದ ನೂಕ್ತಿರೋವಾಗ ಪೈಲಟ್‌ನ ಬ್ರೇಕ್ ಒಂದನ್ನೇ ನಂಬ್ಕೊಂಡು ಮಕ್ಕಳನ್ನ ಕೂರಿಸ್ಕೊಂಡು ಹೋಗೋದು ಬೇಡವೇ ಬೇಡ. ಕಾರ್ ಕಂಪನಿಗಳ ಮ್ಯಾನುಯಲ್ ತೆಗೆದು ನೋಡಿ, ಸ್ಟೇಟ್ ಕಾನೂನಿಗಿಂತ ಎಷ್ಟೋ ಕಮ್ಮಿ ತೂಕಕ್ಕೇ ಟ್ರೈಲರ್ ಬ್ರೇಕ್ ಇರಲಿ ಅಂತ ಬರೆದಿರ್ತಾರೆ.

ಈಗ ಟ್ಯಾಂಡಮ್‌ಗೆ ಬನ್ನಿ. ಅದರ ಸ್ವಂತ ತೂಕ ಜಾಸ್ತಿ, ಇನ್ನೊಂದು ಆಕ್ಸಲ್, ಇನ್ನೆರಡು ಚಕ್ರ, ದಪ್ಪ ಫ್ರೇಮ್, ಬ್ರೇಕು ಎಲ್ಲ ಸೇರಿ 1250 ಅಂತ ಇಟ್ಕೊಳ್ಳಿ. ಒಟ್ಟು 4810. ಹತ್ತು ಪರ್ಸೆಂಟ್ ಹಿಚ್ ಮೇಲೆ ಹೋದ್ರೆ ಉಳಿದ 4330 ಎರಡು ಆಕ್ಸಲ್‌ಗೆ ಹಂಚಿಹೋಗುತ್ತೆ, ಒಂದೊಂದಕ್ಕೆ 2165. ಆಕ್ಸಲ್ ತಡೆಯೋದು 3500, ಟೈರ್ ಒಂದೊಂದಕ್ಕೆ 1080 ಬೀಳುತ್ತೆ, ತಡೆಯೋದು 1760. ಅರವತ್ತು ಪರ್ಸೆಂಟ್ ಆಸುಪಾಸಿನಲ್ಲಿ ಎಲ್ಲಾ ಆರಾಮಾಗಿ ಓಡುತ್ತೆ, ಟೈರ್ ಬಿಸಿ ಕಮ್ಮಿ, ಬೇರಿಂಗ್ ಮೇಲೆ ಒತ್ತಡ ಕಮ್ಮಿ. ನಾನು ಟ್ರೈಲರ್ ಆರಿಸೋವಾಗ ಮೊದಲು ನೋಡೋದೇ ಇದನ್ನ, ತುಂಬಿದ ತೂಕ ಆಕ್ಸಲ್, ಟೈರ್ ಎರಡರ ಮಿತಿಯಲ್ಲೂ 80-85 ಪರ್ಸೆಂಟ್ ದಾಟಬಾರದು. ಒಂದು ಆಕ್ಸಲ್‌ನಲ್ಲಿ ಅದು ಸಿಕ್ರೆ ಒಂದು ಸಾಕು. ಸಿಗಲಿಲ್ಲ ಅಂದ್ರೆ ಎರಡು ಬೇಕು. ಬೋಟ್ ಎಷ್ಟು ಅಡಿ ಅನ್ನೋದು ಅಂದಾಜಿಗೆ ಸರಿ, 18 ಅಡಿ ಒಳಗೆ ಹೆಚ್ಚಾಗಿ ಸಿಂಗಲ್, 21 ದಾಟಿದ್ರೆ ಹೆಚ್ಚಾಗಿ ಟ್ಯಾಂಡಮ್ ಅಂತ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ, 20 ಅಡಿಯ ಅಲ್ಯೂಮಿನಿಯಂ ಫಿಶಿಂಗ್ ಬೋಟು 20 ಅಡಿಯ ವೇಕ್ ಬೋಟು ತೂಕದಲ್ಲಿ ಒಂದಕ್ಕೊಂದು ಸಂಬಂಧಾನೇ ಇರಲ್ಲ.

ಆದ್ರೆ ನಿಮ್ಮ ಪೈಲಟ್. 2016ರಿಂದೀಚಿನ ಆಲ್ ವೀಲ್ ಡ್ರೈವ್ ಪೈಲಟ್ ಎಳೆಯೋ ಮಿತಿ 5000 ಪೌಂಡ್, ಟಂಗ್ ಮೇಲೆ 500. ಟ್ಯಾಂಡಮ್ ಸಮೇತ ನೀವು 4810ರಲ್ಲಿದೀರಿ, ಟಂಗ್ 481. ಕಾಗದದ ಮೇಲೆ ಒಳಗಿದೀರಿ ನಿಜ, ಆದ್ರೆ ಗಾಡಿಯ 96 ಪರ್ಸೆಂಟ್ ತುಂಬಿಸ್ಕೊಂಡಿದೀರಿ. ಅದಲ್ಲದೆ ಹೋಂಡಾ ಮ್ಯಾನುಯಲ್‌ನಲ್ಲಿ ಟೋಯಿಂಗ್ ಪುಟ ತೆಗೆದು ನೋಡಿ, ಕಾರೊಳಗೆ ಜನ ಜಾಸ್ತಿ ಆದಷ್ಟೂ ಎಳೆಯೋ ತೂಕ ಇಳಿಯೋ ಟೇಬಲ್ ಇರುತ್ತೆ. 5000 ಅನ್ನೋದು ಇಬ್ಬರು ಮುಂದೆ ಕೂತಿರೋ ಲೆಕ್ಕ, ಅಜ್ಜಿ ತಾತ ಮಕ್ಕಳು ಸಮೇತ ಏಳು ಜನ ಹತ್ತಿ ಡಿಕ್ಕಿ ತುಂಬಾ ಬಿಸಿಬೇಳೆಬಾತಿನ ಪಾತ್ರೆ ಇಟ್ಕೊಂಡು ಹೋಗೋ ಲೆಕ್ಕ ಅಲ್ಲ. ಟ್ಯಾಂಡಮ್‌ದು ನಿಜವಾದ ಬೆಲೆ ಇಲ್ಲಿದೆ, ಮಾರೋರು ಕೇಳ್ತಿರೋ ಜಾಸ್ತಿ ದುಡ್ಡಿಗಿಂತ ಆ 350 ಪೌಂಡ್ ಜಾಸ್ತಿ ತೂಕಾನೇ ನಿಮಗೆ ದುಬಾರಿ.

ಇದಕ್ಕೆ ಎರಡು ದಾರಿ ಇದೆ. ಒಂದು, ಟ್ಯಾಂಡಮ್ ತಗೊಳ್ಳಿ, ಆದ್ರೆ ತೂಕ ಹಿಡಿತದಲ್ಲಿಡಿ. ಪೆಟ್ರೋಲ್ 35ರ ಬದಲು 10 ಗ್ಯಾಲನ್ ಇಟ್ಕೊಂಡು ಹೊರಡಿ, ಅಲ್ಲಿಗೇ 150 ಪೌಂಡ್ ಇಳಿತು, ಮಿಕ್ಕಿದ್ದನ್ನ ಲೇಕ್ ಹತ್ರದ ಬಂಕ್‌ನಲ್ಲಿ ಹಾಕಿಸ್ಕೊಳ್ಳಿ. ಬೋಟೊಳಗಿನ ಲಾಕರ್‌ಗಳಲ್ಲಿ ವರ್ಷಗಟ್ಟಲೆ ಸೇರ್ಕೊಂಡಿರೋ ಬೇಡದ ಸಾಮಾನು ತೆಗೆದು ಹಾಕಿ. ಬಿಲ್ಜ್‌ನಲ್ಲಿರೋ, ಅಂದ್ರೆ ಬೋಟಿನ ತಳದಲ್ಲಿ ನಿಂತಿರೋ ನೀರು ಪೂರ್ತಿ ಹೊರಗೆ ಬಿಡಿ, ಒಂದು ಗ್ಯಾಲನ್ ನೀರು 8 ಪೌಂಡ್ ಮೇಲೆ, ಹೆಂಗೂ ಟೆಕ್ಸಸ್‌ನಲ್ಲಿ 2014ರಿಂದ ಲೇಕ್ ಬಿಡೋ ಮುಂಚೆ ಬೋಟಿನ ನೀರೆಲ್ಲ ಖಾಲಿ ಮಾಡಬೇಕು ಅಂತ ರೂಲೇ ಇದೆ, ಜೀಬ್ರಾ ಮಸಲ್ ಅನ್ನೋ ಚಿಪ್ಪುಹುಳ ಒಂದು ಲೇಕ್‌ನಿಂದ ಇನ್ನೊಂದಕ್ಕೆ ಹರಡಬಾರದು ಅಂತ. ಇದಿಷ್ಟು ಮಾಡಿದ್ರೆ 4550-4600ಕ್ಕೆ ಬರ್ತೀರಿ. ಲೂಯಿಸ್‌ವಿಲ್‌ಗೂ ಟೆಕ್ಸೋಮಾಗೂ ಇದು ನಡೆಯುತ್ತೆ. ದೊಡ್ಡವರು ಮಕ್ಕಳು ಎಲ್ಲಾ ಹೋಗೋ ದಿನ ಎರಡು ಕಾರಲ್ಲಿ ಹೋಗಿ. ಗ್ಯಾಲ್ವೆಸ್ಟನ್‌ಗೆ ಮಾತ್ರ ಪೈಲಟ್‌ನಲ್ಲಿ ಎಳ್ಕೊಂಡು ಹೋಗೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಸ್ನೇಹಿತರ ಪಿಕಪ್ ಟ್ರಕ್ ಸಿಕ್ರೆ ನೋಡಿ.

ಇನ್ನೊಂದು ದಾರಿ ಬಗ್ಗೆ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಸಿಂಗಲ್ ಆಕ್ಸಲ್ ಅಂದ್ರೆ 3500 ಒಂದೇ ಅಲ್ಲ, 5200 ಪೌಂಡಿನ ಸಿಂಗಲ್ ಆಕ್ಸಲ್ಲೂ ಬರುತ್ತೆ, ಆರು ಬೋಲ್ಟಿನ ಹಬ್ (ಚಕ್ರದ ನಡುಭಾಗ), 15 ಇಂಚಿನ ಎಸ್‌ಟಿ 225/75 ಟೈರ್, ಲೋಡ್ ರೇಂಜ್ ಡಿ ಆದ್ರೆ ಒಂದೊಂದು 2540 ಹೊರುತ್ತೆ. ಅಂಥ ಟ್ರೈಲರ್ ಸಾವಿರ ಪೌಂಡ್ ಇದ್ರೂ ನಿಮ್ಮ ಒಟ್ಟು 4560, ಆಕ್ಸಲ್ ಮೇಲೆ 4100, 80 ಪರ್ಸೆಂಟ್ ಆಸುಪಾಸು. ಬ್ರೇಕ್ ಸಮೇತ ಬಂದ್ರೆ ಪೈಲಟ್‌ಗೆ ಇದೇ ಚೆನ್ನಾಗಿ ಹೊಂದೋ ಜೋಡಿ. ಇದೇ ಬೋಟ್ ಅಂಥ ಟ್ರೈಲರ್ ಮೇಲೆ ಸಿಗುತ್ತಾ ಅಂತ ಇನ್ನೊಂದೆರಡು ವಾರ ಹುಡುಕಿ ಅಂತೀನಿ ನಾನು. ಆದ್ರೆ ಈಗ ನೋಡಿರೋ ಸಿಂಗಲ್ ಟ್ರೈಲರ್‌ಗೇ 5200ರ ಆಕ್ಸಲ್ ತಂದು ಹಾಕಿಸ್ಬಿಡೋಣ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಟ್ರೈಲರ್‌ನ ಎಡಗಡೆ ಮುಂದೆ ಒಂದು ಸ್ಟಿಕ್ಕರ್ ಇರುತ್ತೆ, ಒಟ್ಟು ಎಷ್ಟು ತೂಕಕ್ಕೆ ಮಾಡಿದ್ದು, ಆಕ್ಸಲ್‌ಗೆ ಎಷ್ಟು, ಯಾವ ಟೈರ್, ಎಷ್ಟು ಗಾಳಿ ಎಲ್ಲಾ ಅದರಲ್ಲಿರುತ್ತೆ. ಫ್ರೇಮು, ಸ್ಪ್ರಿಂಗು, ಹಿಚ್ ಮೇಲೆ ಕೂರೋ ಕಪ್ಲರ್ ಎಲ್ಲಾ ಆ ತೂಕಕ್ಕೇ ಮಾಡಿರೋದು, ಆಕ್ಸಲ್ ಒಂದನ್ನ ದಪ್ಪ ಮಾಡಿದ್ರೆ ಸ್ಟಿಕ್ಕರ್‌ನ ತೂಕ ಏರಲ್ಲ.

ಇನ್ನು ರೋಡಲ್ಲಿ ಎರಡಕ್ಕೂ ಏನು ವ್ಯತ್ಯಾಸ ಅನ್ನೋದು. ಟೈರ್ ಸಿಡಿದಾಗ ಇದು ಗೊತ್ತಾಗುತ್ತೆ. ಸಿಂಗಲ್‌ನಲ್ಲಿ ಒಂದು ಟೈರ್ ಹೋಯ್ತು ಅಂದ್ರೆ ಆ ಕಡೆ ಟ್ರೈಲರ್ ದಬ್ ಅಂತ ಕೆಳಗೆ ಕೂತು ರಿಮ್ ರೋಡಿಗೆ ತಾಗುತ್ತೆ, ಹಿಂದಿನಿಂದ ಕಾರನ್ನ ಒಂದು ಕಡೆಗೆ ಎಳೆಯೋಕೆ ಶುರು ಮಾಡುತ್ತೆ. ಟ್ಯಾಂಡಮ್‌ನಲ್ಲಿ ಪಕ್ಕದ ಟೈರ್ ಹಿಡ್ಕೊಳ್ಳುತ್ತೆ, ಎಷ್ಟೋ ಜನಕ್ಕೆ ಟೈರ್ ಹೋಗಿದ್ದೇ ಗೊತ್ತಾಗಲ್ಲ, ಹಿಂದಿನ ಗಾಡಿಯೋರು ಹಾರ್ನ್ ಮಾಡಿದ್ಮೇಲೆ ಕನ್ನಡಿಯಲ್ಲಿ ನೋಡ್ತಾರೆ. ಹಾಗಂತ ಮೂರು ಟೈರಲ್ಲಿ ಮನೆಗೆ ಹೋಗ್ಬಹುದು ಅಂತಲ್ಲ, ನಿಮ್ಮ ಲೆಕ್ಕದಲ್ಲೇ ನೋಡಿ, ಉಳಿದಿರೋ ಆ ಒಂದು ಟೈರ್ ಮೇಲೆ 2165 ಪೌಂಡ್ ಬಿತ್ತು, ಅದು ಹೊರೋದು 1760. ಮುಂದಿನ ಎಕ್ಸಿಟ್‌ವರೆಗೆ ನಿಧಾನಕ್ಕೆ ಹೋಗಿ ಸಮತಟ್ಟಾದ ಜಾಗ ಹುಡುಕೋಕೆ ಅಷ್ಟೇ ಅದು. ಟೈರ್ ಬದಲಾಯಿಸೋದಂತೂ ಟ್ಯಾಂಡಮ್‌ನಲ್ಲಿ ಸುಲಭ, ಜ್ಯಾಕೇ ಬೇಡ, ಅದೇ ಕಡೆಯ ಚೆನ್ನಾಗಿರೋ ಚಕ್ರದ ಮುಂದೆ ಒಂದು ಇಳಿಜಾರಾದ ದಪ್ಪ ಮರದ ದಿಮ್ಮಿ ಇಟ್ಟು ಕಾರನ್ನ ಒಂದಡಿ ಮುಂದೆ ತಗೊಂಡ್ರೆ ಆ ಚಕ್ರ ದಿಮ್ಮಿ ಮೇಲೆ ಹತ್ತುತ್ತೆ, ಪಂಕ್ಚರ್ ಆದ ಚಕ್ರ ತಾನೇ ನೆಲ ಬಿಟ್ಟು ಮೇಲೆ ನಿಲ್ಲುತ್ತೆ. ಬೋಲ್ಟ್ ಮಾತ್ರ ದಿಮ್ಮಿ ಹತ್ತಿಸೋ ಮುಂಚೆನೇ ಸ್ವಲ್ಪ ಸಡಿಲ ಮಾಡ್ಕೊಳ್ಳಿ, ಆಮೇಲೆ ಚಕ್ರ ಗಾಳಿಯಲ್ಲಿ ತಿರುಗುತ್ತೆ. ಎಷ್ಟೋ ಬೋಟ್ ಟ್ರೈಲರ್‌ಗೆ ಸ್ಟೆಪ್ನಿನೇ ಇರಲ್ಲ, ಎರಡರಲ್ಲಿ ಯಾವುದು ತಗೊಂಡ್ರೂ ಅದನ್ನ ಮೊದಲು ಕೊಂಡಿಡಿ.

ಹೈವೇಲಿ ಅತ್ತಿತ್ತ ಓಲಾಡೋದೂ ಟ್ಯಾಂಡಮ್‌ನಲ್ಲಿ ಕಮ್ಮಿ, ನಾಲ್ಕು ಟೈರ್ ಹಿಂದೆ ಮುಂದೆ ಊರಿರೋದ್ರಿಂದ ಟ್ರೈಲರ್ ತಿರುಗೋಕೆ ಹೋದ್ರೂ ಟೈರ್‌ಗಳೇ ತಡೀತವೆ. ಆದ್ರೆ ಓಲಾಟಕ್ಕೆ ಮೊದಲ ಕಾರಣ ಆಕ್ಸಲ್ ಅಲ್ಲ, ಟಂಗ್ ವೆಯ್ಟ್. ಊರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರೋದು ನೋಡಿದ್ರೆ ಇದು ತಕ್ಷಣ ಗೊತ್ತಾಗುತ್ತೆ, ಹಿಂಭಾರ ಆದ್ರೆ ನೊಗ ಮೇಲಕ್ಕೇಳುತ್ತೆ, ಮುಂಭಾರ ಆದ್ರೆ ಎತ್ತಿನ ಕತ್ತಿಗೆ ಬೀಳುತ್ತೆ, ಹೇರೋರು ಅದನ್ನ ನೋಡ್ಕೊಂಡೇ ಹೇರ್ತಾರೆ. ಬೋಟ್ ಟ್ರೈಲರ್‌ನಲ್ಲಿ ಒಟ್ಟು ತೂಕದ 5ರಿಂದ 10 ಪರ್ಸೆಂಟ್ ಹಿಚ್ ಮೇಲೆ ಬರ್ಬೇಕು ಅಂತಾರೆ, ನಾನು ಹತ್ತರ ಹತ್ರಾನೇ ಇರಲಿ ಅಂತೀನಿ. ಐದಕ್ಕಿಂತ ಕೆಳಗಿಳಿದ್ರೆ ಹಿಂಭಾರವಾಗಿ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಆಗ ನಾಲ್ಕು ಟೈರ್ ಇದ್ರೂ ಉಳಿಸಲ್ಲ. ಕೂಲರು ಆಂಕರು ಎಲ್ಲಾ ಬೋಟಿನ ಹಿಂಭಾಗದಲ್ಲಿ ತುಂಬಬೇಡಿ, ಟ್ರೈಲರ್ ಮುಂದೆ ಬೋಟ್ ಎಳೆದು ಕಟ್ಟೋ ವಿಂಚ್ ಸ್ಟ್ಯಾಂಡ್‌ಗೆ ಬೋಟಿನ ಮೂತಿ ಪೂರ್ತಿ ತಾಗೋ ಹಾಗೆ ಪ್ರತಿ ಸಲ ಎಳೆದು ಕಟ್ಟಿ, ಮೂರಿಂಚು ಹಿಂದೆ ಉಳಿದ್ರೂ ಈ ಲೆಕ್ಕ ಏರುಪೇರಾಗುತ್ತೆ.

ಟ್ಯಾಂಡಮ್ ನೋಡೋಕೆ ಹೋದಾಗ ಕೆಳಗೆ ಬಗ್ಗಿ ಸ್ಪ್ರಿಂಗ್ ಯಾವ ಥರದ್ದು ನೋಡಿ. ಲೀಫ್ ಸ್ಪ್ರಿಂಗ್ ಇದ್ರೆ ಮುಂದಿನ ಆಕ್ಸಲ್ ಸ್ಪ್ರಿಂಗ್‌ಗೂ ಹಿಂದಿನದಕ್ಕೂ ಮಧ್ಯೆ ತ್ರಿಕೋನದ ಥರ ಒಂದು ತುಂಡು ಅಲ್ಲಾಡೋ ಹಾಗೆ ಕೂತಿರುತ್ತೆ, ಅದೇ ಈಕ್ವಲೈಜರ್. ಮುಂದಿನ ಚಕ್ರ ಉಬ್ಬು ಹತ್ತಿದಾಗ ಅದು ವಾಲಿ ಭಾರವನ್ನ ಹಿಂದಿನದಕ್ಕೂ ದಾಟಿಸುತ್ತೆ. ಅದರ ಬೋಲ್ಟಿನ ತೂತು ಉದ್ದಕ್ಕೆ ಸವೆದು ಮೊಟ್ಟೆ ಆಕಾರ ಆಗಿದ್ರೆ ಬುಷ್ ಹೋಗಿದೆ ಅಂತ ಅರ್ಥ, ಅದು ದೊಡ್ಡ ಖರ್ಚೇನಲ್ಲ, ಆದ್ರೆ ರೇಟ್ ಇಳಿಸೋಕೆ ಒಳ್ಳೇ ಕಾರಣ. ಟಾರ್ಷನ್ ಆಕ್ಸಲ್ ಇದ್ರೆ, ಅಂದ್ರೆ ಸ್ಪ್ರಿಂಗ್ ಬದಲು ಚೌಕ ಕೊಳವೆಯೊಳಗೆ ರಬ್ಬರ್ ಇರೋದು, ಓಡೋಕೆ ನಯ, ಉಪ್ಪು ನೀರಲ್ಲಿ ತುಕ್ಕು ಹಿಡಿಯೋ ಸಾಮಾನೂ ಕಮ್ಮಿ, ಆದ್ರೆ ಎರಡು ಆಕ್ಸಲ್ ಮಧ್ಯೆ ಕೊಡು ಕೊಳ್ಳು ಇರಲ್ಲ. ಟ್ರೈಲರ್ ಮೂತಿ ಮೇಲಿದ್ರೆ ಹಿಂದಿನ ಆಕ್ಸಲ್‌ಗೆ, ಕೆಳಗಿದ್ರೆ ಮುಂದಿನದಕ್ಕೆ ಭಾರವೆಲ್ಲ ಹೋಗುತ್ತೆ, ಎರಡು ಆಕ್ಸಲ್‌ಗೆ ದುಡ್ಡು ಕೊಟ್ಟು ಒಂದರ ಮೇಲೇ ಓಡಿಸಿದ ಹಾಗೆ. ಅದಕ್ಕೇ ಪೈಲಟ್‌ಗೆ ಕಟ್ಟಿದ್ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಟ್ರೈಲರ್ ಫ್ರೇಮಿನ ಮುಂದೂ ಹಿಂದೂ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪ್ ಹಿಡಿದು ಅಳೀರಿ. ಅಷ್ಟು ಟಂಗ್ ಭಾರಕ್ಕೆ ಪೈಲಟ್‌ನ ಹಿಂಭಾಗ ಕೂರುತ್ತೆ, ಹಿಚ್ ಬಾಲ್ ಎತ್ತರ ಅದಕ್ಕೆ ತಕ್ಕ ಹಾಗೆ ಬದಲಾಯಿಸ್ಬೇಕಾಗ್ಬಹುದು.

ಟ್ಯಾಂಡಮ್‌ನ ತೊಂದ್ರೆ ಏನು ಅಂದ್ರೆ ತಿರುವು. ಬಿಗಿಯಾಗಿ ತಿರುಗಿಸಿದಾಗ ನಾಲ್ಕೂ ಟೈರ್ ಒಂದೇ ಕೇಂದ್ರದ ಸುತ್ತ ಉರುಳೋಕಾಗಲ್ಲ, ಅಡ್ಡಕ್ಕೆ ಉಜ್ಜುತ್ತವೆ, ರಿವರ್ಸ್‌ನಲ್ಲಿ ಪೂರ್ತಿ ತಿರುಗಿಸಿದಾಗ ಹೊರಗೆ ನಿಂತು ನೋಡಿದ್ರೆ ಟೈರಿನ ಪಕ್ಕದ ಗೋಡೆ ರಿಮ್ ಕೆಳಗಿನಿಂದ ಒಂದು ಕಡೆಗೆ ಜಗ್ಗಿರೋದು ಕಣ್ಣಿಗೇ ಕಾಣುತ್ತೆ. ಮನೆ ಡ್ರೈವ್‌ವೇ ಒಳಗೆ ಪ್ರತಿ ಸಲ 90 ಡಿಗ್ರಿ ತಿರುಗಿಸಿ ಹಾಕ್ಬೇಕಾದ ಜಾಗ ಇದ್ರೆ ಟೈರ್ ಬೇಗ ಸವೆಯುತ್ತೆ. ಹೊಸಬರಿಗೆ ರಿವರ್ಸ್ ಮಾತ್ರ ಟ್ಯಾಂಡಮ್‌ನಲ್ಲೇ ಸುಲಭ, ಚಿಕ್ಕ ಸಿಂಗಲ್ ಟ್ರೈಲರ್ ಸ್ಟೀರಿಂಗ್ ಮುಟ್ಟಿದ್ರೆ ತಿರುಗಿ ಮಡಚ್ಕೊಂಡು ಬಿಡುತ್ತೆ, ಉದ್ದದ್ದು ನಿಧಾನಕ್ಕೆ ತಿರುಗುತ್ತೆ, ತಿದ್ಕೊಳ್ಳೋಕೆ ಟೈಮ್ ಸಿಗುತ್ತೆ.

ಮಾರೋರು ಹೇಳಿದ ಕೈಯಲ್ಲಿ ತಳ್ಳೋ ಮಾತು ಚಪ್ಪಟೆ ತಳದ ಚಿಕ್ಕ ಜಾನ್ ಬೋಟ್‌ಗೆ ನಿಜ. 4460 ಪೌಂಡ್ ಅಂದ್ರೆ ಎರಡು ಸಾವಿರ ಕೇಜಿ, ಅದನ್ನ ಡ್ರೈವ್‌ವೇ ಏರಿನಲ್ಲಿ ಯಾರೂ ತಳ್ಳಲ್ಲ, ಸ್ವಲ್ಪ ಇಳಿಜಾರಿದ್ರೆ ಅದು ನಿಮ್ಮನ್ನೇ ತಳ್ಳುತ್ತೆ, ದಯವಿಟ್ಟು ಪ್ರಯತ್ನ ಮಾಡಬೇಡಿ. ಅದಕ್ಕೂ ಮುಂಚೆ ಗ್ಯಾರೇಜ್ ಉದ್ದ ಅಳೀರಿ. 20 ಅಡಿ ಬೋಟ್ ಟ್ರೈಲರ್ ಮೇಲಿದ್ದಾಗ ಟಂಗ್ (ಕಾರಿಗೆ ಕಟ್ಟೋ ಮುಂದಿನ ಕಂಬ) ಸೇರಿ 20 ಅಡಿಗಿಂತ ಉದ್ದ ಇರುತ್ತೆ, ನಮ್ಮ ಸಬರ್ಬ್ ಮನೆಗಳ ಗ್ಯಾರೇಜ್ ಹೆಚ್ಚಿನವು 20 ಅಡಿ ಆಸುಪಾಸೇ ಇರೋದು. ಟಂಗ್ ಮಡಚೋ ಥರದ ಟ್ರೈಲರ್ ಆದ್ರೆ ಒಂದು ಮಾತು. ಹೊರಗೆ ನಿಲ್ಲಿಸೋಣ ಅಂದ್ರೆ ನಿಮ್ಮ ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘದ ರೂಲ್ ಓದಿ, ಎಷ್ಟೋ ಕಡೆ ಡ್ರೈವ್‌ವೇಲಿ ಬೋಟ್ ನಿಲ್ಲಿಸೋಕೆ ಬಿಡಲ್ಲ, ಸ್ಟೋರೇಜ್ ಬಾಡಿಗೆ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಟೋಲ್ ಕೂಡ ಆಕ್ಸಲ್ ಲೆಕ್ಕದ ಮೇಲೆ. ನಿಮ್ಮ ಕಡೆಯ ಟೋಲ್ ಸಂಸ್ಥೆ ಎನ್‌ಟಿಟಿಎ ರಸ್ತೆಗಳಲ್ಲಿ, ಡಲ್ಲಾಸ್ ನಾರ್ತ್ ಟೋಲ್‌ವೇ, ಸ್ಯಾಮ್ ರೇಬರ್ನ್ ಎಲ್ಲಾ ಕಡೆ, ಒಟ್ಟು ಆಕ್ಸಲ್‌ನಲ್ಲಿ ಒಂದು ಕಳೆದು ಅಷ್ಟು ಪಟ್ಟು ತಗೋತಾರೆ. ಕಾರ್ ಒಂದೇ ಆದ್ರೆ ಒಂದು ಪಟ್ಟು, ಸಿಂಗಲ್ ಟ್ರೈಲರ್ ಕಟ್ಟಿದ್ರೆ ಎರಡು, ಟ್ಯಾಂಡಮ್ ಆದ್ರೆ ಮೂರು ಪಟ್ಟು. ಇದಕ್ಕೋಸ್ಕರ ಸಿಂಗಲ್ ತಗೊಳ್ಳಿ ಅನ್ನಲ್ಲ, ಬಿಲ್ ಬಂದಾಗ ಗಾಬರಿ ಆಗ್ಬಾರ್ದು ಅಂತ ಹೇಳಿದೆ.

ಮೇಂಟೆನೆನ್ಸ್ ಮಾತ್ರ ಟ್ಯಾಂಡಮ್‌ಗೆ ಎರಡರಷ್ಟು, ಇದನ್ನ ಮಾಡೋ ಮನಸ್ಸಿದ್ರೆ ಮಾತ್ರ ತಗೊಳ್ಳಿ. ಬೋಟ್ ಟ್ರೈಲರ್ ಹಾಳಾಗೋದು ಬೇರಿಂಗಿನಿಂದ, ಅದು ಹೇಗೆ ಅಂತ ಗೊತ್ತಿದ್ರೆ ಅರ್ಧ ತಪ್ಪಿಸ್ಬಹುದು. ಒಂದು ಗಂಟೆ ಓಡಿ ಬಂದ ಹಬ್ ಬಿಸಿಯಾಗಿರುತ್ತೆ, ಒಳಗಿನ ಗ್ರೀಸು ಗಾಳಿ ಹಿಗ್ಗಿರುತ್ತೆ. ರ‍್ಯಾಂಪ್‌ನಲ್ಲಿ ಹಾಗೇ ತಣ್ಣೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಹಿಂದಿನ ರಬ್ಬರ್ ಸೀಲ್ ಪಕ್ಕದಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಗ್ರೀಸ್‌ಗೆ ನೀರು ಸೇರಿ ಹಾಲು ಬೆರೆತ ಬಣ್ಣಕ್ಕೆ ತಿರುಗುತ್ತೆ, ಆ ಚಳಿಗಾಲ ಪೂರ್ತಿ ಟ್ರೈಲರ್ ನಿಂತಲ್ಲೇ ನಿಂತು ರೋಲರ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತೆ, ಮುಂದಿನ ಏಪ್ರಿಲ್‌ನಲ್ಲಿ ಮೊದಲ ಟ್ರಿಪ್ಪಿಗೇ ಆ ಬೇರಿಂಗ್ ಅರಚೋಕೆ ಶುರು. ಅದಕ್ಕೇ ರ‍್ಯಾಂಪ್ ತಲುಪಿದ ತಕ್ಷಣ ನೀರಿಗಿಳಿಸಬೇಡಿ, ಸಾಮಾನು ಜೋಡಿಸ್ಕೊಳ್ಳಿ, ಹಗ್ಗ ಕಟ್ಟಿ, ಡ್ರೈನ್ ಪ್ಲಗ್ ಹಾಕಿ, ಅಷ್ಟರಲ್ಲಿ ಹಬ್ ತಣ್ಣಗಾಗುತ್ತೆ. ಹಬ್ ಮೂತಿಗೆ ಸ್ಪ್ರಿಂಗ್ ಇರೋ ಬೇರಿಂಗ್ ಬಡ್ಡಿ ಥರದ ಕ್ಯಾಪ್ ಇದ್ರೆ ಗ್ರೀಸ್ ಮೇಲೆ ಸ್ವಲ್ಪ ಒತ್ತಡ ಇಟ್ಟಿರುತ್ತೆ, ನೀರು ಬರೋದು ಕಮ್ಮಿ ಆಗುತ್ತೆ, ಆದ್ರೆ ಅದಿದೆ ಅಂತ ವರ್ಷಕ್ಕೊಂದ್ಸಲ ಬೇರಿಂಗ್ ಬಿಚ್ಚಿ ನೋಡೋದು ಬಿಡಬೇಡಿ. ದಾರಿಯಲ್ಲಿ ಪೆಟ್ರೋಲ್‌ಗೆ ನಿಂತಾಗೆಲ್ಲ ಹಬ್ ಹತ್ರ ಕೈ ಹಿಡಿದು ನೋಡಿ, ಬೆಚ್ಚಗಿದ್ರೆ ಸರಿ, ಒಂದು ಮಾತ್ರ ಮಿಕ್ಕವಕ್ಕಿಂತ ಸುಡ್ತಿದ್ರೆ ಮುಂದೆ ಹೋಗ್ಬೇಡಿ. ಟ್ಯಾಂಡಮ್‌ನಲ್ಲಿ ಹೋಲಿಸಿ ನೋಡೋಕೆ ನಾಲ್ಕಿರೋದೇ ಒಂದು ಅನುಕೂಲ. ಗ್ಯಾಲ್ವೆಸ್ಟನ್ ಉಪ್ಪು ನೀರಿಗೆ ಹೋದ್ರೆ ಬಂದ ಕೂಡಲೇ ಆಕ್ಸಲ್, ಸ್ಪ್ರಿಂಗ್, ಬ್ರೇಕ್ ಎಲ್ಲಾ ಸಿಹಿನೀರಲ್ಲಿ ಚೆನ್ನಾಗಿ ತೊಳೀರಿ, ಬರೀ ಪೇಂಟ್ ಹೊಡೆದ ಟ್ರೈಲರ್ ಆದ್ರೆ ಆ ನೀರಿಗೆ ಇಳಿಸಲೇಬೇಡಿ, ಗ್ಯಾಲ್ವನೈಜ್ಡ್ ಅಥವಾ ಅಲ್ಯೂಮಿನಿಯಂ ಆದ್ರೆ ಮಾತ್ರ.

ಸರ್ಜ್ ಬ್ರೇಕ್ ಬಗ್ಗೆ ಒಂದು ಮಾತು. ಇದಕ್ಕೆ ಕರೆಂಟ್ ಕಂಟ್ರೋಲರ್ ಬೇಡ, ನೀವು ಕಾರ್ ಬ್ರೇಕ್ ಹಾಕಿದಾಗ ಹಿಂದಿನ ಟ್ರೈಲರ್ ಮುಂದಕ್ಕೆ ನೂಕುತ್ತಲ್ಲ, ಆ ನೂಕಿನಲ್ಲೇ ಕಪ್ಲರ್ ಒಳಗಿನ ಮಾಸ್ಟರ್ ಸಿಲಿಂಡರ್ ಒತ್ತಿ ಚಕ್ರದ ಬ್ರೇಕ್ ಹಿಡಿಯುತ್ತೆ. ರಿವರ್ಸ್‌ನಲ್ಲಿ ಏರು ಹತ್ತಿಸೋವಾಗ್ಲೂ ಅದೇ ನೂಕು ಬರುತ್ತಲ್ಲ, ಡಿಸ್ಕ್ ಬ್ರೇಕ್ ಆದ್ರೆ ಅದನ್ನ ತಡೆಯೋಕೆ ರಿವರ್ಸ್ ಲೈಟಿನ ವೈರಿಗೆ ಸೇರಿರೋ ಒಂದು ಸೊಲೆನಾಯ್ಡ್ ಇರುತ್ತೆ, ಅದಕ್ಕೆ ಐದು ವೈರಿನ ಕನೆಕ್ಟರ್ ಬೇಕು. ನಿಮ್ಮ ಪೈಲಟ್‌ನಲ್ಲಿ ನಾಲ್ಕೇ ವೈರಿನದು ಹಾಕ್ಸಿದ್ರೆ ಹಿಂದಕ್ಕೆ ಹೋಗೋವಾಗ ಬ್ರೇಕ್ ಹಿಡ್ಕೊಂಡು ಬಿಡುತ್ತೆ, ನೋಡ್ಕೊಳ್ಳಿ.

ಬೋಟ್ ನೋಡೋಕೆ ಹೋದ ದಿನ ಇಂಜಿನ್ ಸ್ಟಾರ್ಟ್ ಮಾಡಿಸೋಕೂ ಮುಂಚೆ ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿ ಹುಡುಕಿ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ, 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ಟ್ರೆಡ್ ಹೊಸದರ ಥರ ಇದ್ರೂ ಐದಾರು ವರ್ಷ ಆಗಿದ್ರೆ ಬದಲಾಯಿಸ್ಬೇಕು, ಬೋಟ್ ಟ್ರೈಲರ್ ಟೈರು ಸವೆದು ಹೋಗೋದಕ್ಕಿಂತ ಬಿಸಿಲಲ್ಲಿ ನಿಂತು ಬಿರುಕು ಬಿಟ್ಟು ಹೋಗೋದೇ ಜಾಸ್ತಿ. ಹಳೇ ಟೈರಿನ ಟ್ಯಾಂಡಮ್ ಆದ್ರೆ ನಾಲ್ಕು ಟೈರು ಒಂದು ಸ್ಟೆಪ್ನಿ ದುಡ್ಡು ರೇಟಿನಲ್ಲಿ ಕಳೀರಿ. ಕಾರಿನ ಟೈರ್ ಹಾಕಿದ್ರೆ, ಅಂದ್ರೆ ಸೈಜಿನ ಮುಂದೆ ಎಸ್‌ಟಿ ಬದಲು ಪಿ ಅಂತಿದ್ರೆ, ಅದನ್ನೂ ಕಳೀರಿ. ಎಸ್‌ಟಿ ಟೈರ್‌ನ ಹಳೇ ಮಿತಿ 65 ಮೈಲಿ, ಈಗಿನವು ಎಷ್ಟೋ ಎಲ್, ಎಂ ಅಂತ ಬರ್ತವೆ, 75 ಮತ್ತು 81 ಮೈಲಿಗೆ, ಆದ್ರೆ ಅದೇನೇ ಇರಲಿ ನೀವು 65ರ ಮೇಲೆ ಹೋಗ್ಬೇಡಿ, ಪೈಲಟ್‌ಗೂ ಅದೇ ಒಳ್ಳೇದು.

ನಾನು ಕೂಡಿದ ಲೆಕ್ಕದಲ್ಲಿ ಟ್ರೈಲರ್ ತೂಕ, ಸಾಮಾನಿನ ತೂಕ ಅಂದಾಜಿನವು, ಅದಕ್ಕೆ ಬೋಟ್ ಕೊಂಡ ಮೇಲೆ ಒಂದ್ಸಲ ಟ್ರಕ್ ಸ್ಟಾಪ್‌ನಲ್ಲಿರೋ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿ, ಪೂರ್ತಿ ಸಾಮಾನು ತುಂಬಿ, ಮನೆಯೋರೆಲ್ಲ ಕಾರಲ್ಲಿ ಕೂತು. ಕಾರಿನ ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೈಲರ್ ಚಕ್ರ ಮೂರರ ತೂಕಾನೂ ಬೇರೆ ಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತೆ. ಆಮೇಲೆ ಟ್ರೈಲರ್ ಬಿಚ್ಚಿಟ್ಟು ಕಾರೊಂದನ್ನೇ ಅದೇ ಜನ ಕೂತು ಇನ್ನೊಂದ್ಸಲ ತೂಗ್ಸಿ, ಎರಡು ಚೀಟಿಯ ಒಟ್ಟು ತೂಕದ ವ್ಯತ್ಯಾಸಾನೇ ನಿಮ್ಮ ಟ್ರೈಲರ್‌ನ ನಿಜವಾದ ತೂಕ, ಅದರಲ್ಲಿ ಟ್ರೈಲರ್ ಚಕ್ರದ ಅಂಕಿ ಕಳೆದ್ರೆ ಟಂಗ್ ವೆಯ್ಟ್. ಅದು 500 ದಾಟಿದ್ರೆ ವಿಂಚ್ ಸ್ಟ್ಯಾಂಡ್ ಒಂದೆರಡಿಂಚು ಹಿಂದಕ್ಕೆ ಸರಿಸಿ ಬೋಟನ್ನ ಹಿಂದೆ ಕೂರಿಸಿ ಮತ್ತೆ ತೂಗ್ಸಿ, ಒಟ್ಟು ತೂಕವೇ ಪೈಲಟ್ ಮ್ಯಾನುಯಲ್‌ನ ಟೇಬಲ್ ದಾಟಿದ್ರೆ ಬೋಟಿಂದ ಸಾಮಾನು ಇಳಿಸಿ, ಇಳಿಸೋಕೆ ಏನೂ ಉಳಿದಿಲ್ಲ ಅಂದ್ರೆ ಆ ಜೋಡಿ ಅಷ್ಟು ಜನಕ್ಕೆ ಆಗಲ್ಲ.